ಮೂರು ದೇಶಗಳ ವಿಶ್ವಕಪ್‌ಗೆ ಒಂದೇ ಕಾರ್ಡ್ ಕೊಡಿ: 2030ರ ಆತಿಥೇಯರಿಗೆ ಬಹಿರಂಗ ಪತ್ರ

ಫಿಫಾ ಅಧ್ಯಕ್ಷ ಜಿಯಾನಿ ಇನ್ಫಾಂಟಿನೊ ಅವರಿಗೆ,
ಮೊರಾಕ್ಕೊ, ಸ್ಪೇನ್ ಮತ್ತು ಪೋರ್ಚುಗಲ್ ಸರ್ಕಾರಗಳಿಗೆ,
ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಬ್ರಸೆಲ್ಸ್‌ನ ಯುರೋಪಿಯನ್ ಕಮಿಷನ್‌ಗೆ,

ನಮಸ್ಕಾರ.

2030ರ ವಿಶ್ವಕಪ್‌ಗೆ ಟಿಕೆಟ್ ಕೊಂಡ ಪ್ರತಿಯೊಬ್ಬ ಅಭಿಮಾನಿಗೂ ಒಂದೇ ಕಾರ್ಡ್ ಕೊಡಿ. ಅದು ಮೊರಾಕ್ಕೊ, ಸ್ಪೇನ್, ಪೋರ್ಚುಗಲ್ ಮೂರರಲ್ಲೂ ನಡೆಯಬೇಕು. ಟೂರ್ನಿ ಮುಗಿಯುವವರೆಗೆ ಎಷ್ಟು ಸಲ ಬೇಕಾದರೂ ಗಡಿ ದಾಟಲು ಅದೊಂದೇ ಸಾಕಾಗಬೇಕು. ಅದರ ಮೇಲೆ ಇನ್ನೊಂದು ವೀಸಾ ಕೇಳಬಾರದು. ನನ್ನ ಬೇಡಿಕೆ ಇಷ್ಟೇ. ಇದನ್ನು ಯಾಕೆ ಕೇಳುತ್ತಿದ್ದೇನೆ, ಯಾಕೆ ಈಗಲೇ ಕೇಳುತ್ತಿದ್ದೇನೆ ಅಂತ ಹೇಳೋದಕ್ಕೆ ಮಾತ್ರ ಸ್ವಲ್ಪ ಜಾಗ ಬೇಕು.

ನನ್ನೂರು ಬೆಂಗಳೂರು. ಭಾರತದ ತಂಡ ವಿಶ್ವಕಪ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಿಲ್ಲ. ಆದರೂ ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಆ ಬೀದಿಗಳನ್ನು ಜನ ಮಿನಿ ಬ್ರೆಜಿಲ್ ಅಂತಲೇ ಕರೆಯುತ್ತಾರೆ. ವಿಶ್ವಕಪ್ ಬಂತೆಂದರೆ ಅಲ್ಲಿ ಹಳದಿ ಬಾವುಟಗಳು ಏರುತ್ತವೆ. ಮಾರನೇ ದಿನ ಕೆಲಸಕ್ಕೆ ಹೋಗಬೇಕಾದವರೂ ನಡುರಾತ್ರಿಯ ಪಂದ್ಯಕ್ಕೆ ಎದ್ದು ಕೂರುತ್ತಾರೆ. ಜೀವನದಲ್ಲಿ ಒಂದು ಸಲವಾದರೂ ವಿಶ್ವಕಪ್ಪನ್ನು ಕಣ್ಣಾರೆ ನೋಡಬೇಕು ಅಂತ ದುಡ್ಡು ಕೂಡಿಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಮ್ಮ ಪಾಸ್‌ಪೋರ್ಟ್ ಹಿಡಿದವರಿಗೆ ಯುರೋಪಿನ ಬಾಗಿಲು ಅರ್ಜಿ ಹಾಕದೆ ತೆರೆಯುವುದಿಲ್ಲ, ಹಾಗಾಗಿ ಈ ಬೇಡಿಕೆಯಲ್ಲಿ ನಮ್ಮ ಪಾಲೂ ಇದೆ. ಆದರೆ ನಮಗಿಂತ ಜಾಸ್ತಿ ಏಟು ಬೀಳುವುದು ಆತಿಥ್ಯ ವಹಿಸಿರುವ ದೇಶದ ಜನರಿಗೇ. ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊರಾಕ್ಕೊ ಈ ವಿಶ್ವಕಪ್‌ಗಾಗಿ ಎಷ್ಟು ಕಾದಿದೆ ಅನ್ನೋದು ನಿಮಗೆ ಗೊತ್ತೇ ಇದೆ. 1994, 1998, 2006, 2010, 2026. ಈ ಐದು ಟೂರ್ನಿಗಳಿಗೂ ಅದು ಅರ್ಜಿ ಹಾಕಿ ಸೋತಿತು. 2026ರದ್ದಕ್ಕಾಗಿ 2018ರ ಜೂನ್‌ನಲ್ಲಿ ಮಾಸ್ಕೋದಲ್ಲಿ ನಡೆದ ಮತದಾನದಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೊ ಒಟ್ಟಾಗಿ 134 ಮತ ಪಡೆದರೆ ಮೊರಾಕ್ಕೊಗೆ ಬಿದ್ದದ್ದು 65. ಆಮೇಲೆ 2023ರ ಮಾರ್ಚ್‌ನಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಜೊತೆ ಅದು ಕೈ ಜೋಡಿಸಿತು. 2024ರ ಡಿಸೆಂಬರ್ 11ರಂದು ಫಿಫಾ ಈ ಮೂವರ ಹೆಸರನ್ನು ಖಚಿತ ಮಾಡಿತು. ಮೊದಲ ವಿಶ್ವಕಪ್‌ಗೆ ನೂರು ವರ್ಷ ತುಂಬುವ ನೆನಪಿಗೆ ಉರುಗ್ವೆ, ಅರ್ಜೆಂಟೀನಾ, ಪರಾಗ್ವೆಗಳಲ್ಲಿ ತಲಾ ಒಂದು ಪಂದ್ಯ. ಉಳಿದ ಎಲ್ಲವೂ ಜಿಬ್ರಾಲ್ಟರ್ ಜಲಸಂಧಿಯ ಎರಡೂ ದಡಗಳಲ್ಲಿ.

ಆ ಜಲಸಂಧಿ ತೀರಾ ಕಿರಿದಾದ ಕಡೆ ಬರೀ 14 ಕಿಲೋಮೀಟರ್. ಆಕಾಶ ತಿಳಿಯಾಗಿದ್ದರೆ ಸ್ಪೇನಿನ ತಾರಿಫಾದಿಂದ ಆಫ್ರಿಕಾದ ಬೆಟ್ಟಗಳು ಕಾಣುತ್ತವೆ. ಅಲ್ಲಿಂದ ಮೊರಾಕ್ಕೊದ ಟ್ಯಾಂಜಿಯರ್‌ಗೆ ದೋಣಿಯಲ್ಲಿ ಸುಮಾರು ಒಂದು ಗಂಟೆ. ಎರಡು ಖಂಡಗಳು ಸೇರಿ ಒಂದು ವಿಶ್ವಕಪ್ ನಡೆಸಲು ಇದಕ್ಕಿಂತ ಹತ್ತಿರದ ಜಾಗ ಭೂಮಿಯ ಮೇಲೆ ಸಿಗುವುದು ಕಷ್ಟ.

ಆಟಗಾರರು ಈ ನೀರನ್ನು ಎಂದೋ ದಾಟಿದ್ದಾರೆ. 2022ರ ಡಿಸೆಂಬರ್ 6ರ ರಾತ್ರಿ ನೆನಪಿಸಿಕೊಳ್ಳಿ. ಕತಾರ್‌ನಲ್ಲಿ ಸ್ಪೇನ್ ಮತ್ತು ಮೊರಾಕ್ಕೊ ನಡುವೆ ಪೆನಾಲ್ಟಿ ಶೂಟೌಟ್. ಸ್ಪೇನ್ ಒಂದನ್ನೂ ಗೋಲಿಗೆ ಸೇರಿಸಲಿಲ್ಲ. ಎರಡನ್ನು ತಡೆದ ಗೋಲ್‌ಕೀಪರ್ ಯಾಸಿನ್ ಬೂನೂ ಆಗ ಆಡುತ್ತಿದ್ದದ್ದು ಸ್ಪೇನಿನ ಸೆವಿಯ್ಯಾ ಕ್ಲಬ್ಬಿಗೆ. ಕೊನೆಯ ಒದೆತಕ್ಕೆ ಬಂದ ಅಶ್ರಫ್ ಹಕೀಮಿ ಹುಟ್ಟಿದ್ದು ಮ್ಯಾಡ್ರಿಡ್‌ನಲ್ಲಿ. ಎಲ್ಲರ ಉಸಿರು ಬಿಗಿಹಿಡಿದಿದ್ದ ಆ ಹೊತ್ತಲ್ಲಿ ಆತ ಚೆಂಡನ್ನು ಮೆಲ್ಲಗೆ ನಡುಗೋಲಿಗೆ ತೇಲಿಬಿಟ್ಟ. ನಾಲ್ಕು ದಿನಗಳ ನಂತರ ಪೋರ್ಚುಗಲ್ ವಿರುದ್ಧ ತಲೆಯಿಂದ ಗೋಲು ಹೊಡೆದು ಮೊರಾಕ್ಕೊವನ್ನು ಸೆಮಿಫೈನಲ್‌ಗೆ ಒಯ್ದ ಯೂಸುಫ್ ಎನ್-ನೆಸಿರಿ ಕೂಡ ಸೆವಿಯ್ಯಾದವನೇ. ಆಫ್ರಿಕಾದ ತಂಡವೊಂದು ವಿಶ್ವಕಪ್ ಸೆಮಿಫೈನಲ್ ತಲುಪಿದ್ದು ಅದೇ ಮೊದಲು.

ಇನ್ನೊಂದು ದಡದ ಕಡೆ ನೋಡಿ. ಸ್ಪೇನಿನ ಇವತ್ತಿನ ಕಣ್ಮಣಿ ಲಾಮಿನ್ ಯಮಾಲ್‌ನ ತಂದೆ ಮೊರಾಕ್ಕೊ ಮೂಲದವರು. ಮಾಲಗಾದಲ್ಲಿ ಹುಟ್ಟಿದ ಬ್ರಾಹಿಂ ಡಿಯಾಸ್ 2021ರಲ್ಲಿ ಸ್ಪೇನ್ ಪರ ಒಂದು ಪಂದ್ಯ ಆಡಿ, 2024ರಲ್ಲಿ ಮೊರಾಕ್ಕೊ ಅಂಗಿ ತೊಟ್ಟ. ಈ ಹುಡುಗರ ಆಟದಲ್ಲಿ ಎರಡೂ ದಡಗಳಿವೆ. ಅವರ ಅಜ್ಜಿ ಊರಿನ ಜನಕ್ಕೆ ಮಾತ್ರ ಆ ದಾರಿ ಮುಚ್ಚಿದೆ.

ಸ್ಪೇನಿನ ಅಥವಾ ಪೋರ್ಚುಗಲ್‌ನ ನಾಗರಿಕರು ಪಾಸ್‌ಪೋರ್ಟ್ ಹಿಡಿದು ವೀಸಾ ಇಲ್ಲದೆ ಮೊರಾಕ್ಕೊಗೆ ಹೋಗಿ ಮೂರು ತಿಂಗಳು ಇರಬಹುದು. ಮೊರಾಕ್ಕೊದವರು ಸ್ಪೇನಿಗೆ ಹೋಗಬೇಕಾದರೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಬಹುತೇಕ ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ, ಬೇಕು. ಅದಕ್ಕೆ ಬ್ಯಾಂಕ್ ದಾಖಲೆ, ಕೆಲಸದ ಪತ್ರ, ವಿಮೆ, ಬೆರಳಚ್ಚು, 90 ಯೂರೊ ಶುಲ್ಕ. ತಿರಸ್ಕರಿಸಿದರೆ ಆ ದುಡ್ಡು ವಾಪಸ್ ಬರುವುದಿಲ್ಲ. 2024ರಲ್ಲಿ ಮೊರಾಕ್ಕೊದಿಂದ ಹೋದ ಅರ್ಜಿಗಳಲ್ಲಿ ಸುಮಾರು ಐದರಲ್ಲೊಂದು ತಿರಸ್ಕೃತವಾಯಿತು. ಸೆನೆಗಲ್‌ನಿಂದ ಹೋದ ಅರ್ಜಿಗಳಲ್ಲಿ ಅರ್ಧದ ಹತ್ತಿರ. ಅಂದರೆ ಮ್ಯಾಡ್ರಿಡ್‌ನವರು ಕಾಸಾಬ್ಲಾಂಕಾದ ಪಂದ್ಯಕ್ಕೆ ಮನಸ್ಸು ಬಂದ ದಿನ ಹೊರಡಬಹುದು. ಕಾಸಾಬ್ಲಾಂಕಾದವರು ಮ್ಯಾಡ್ರಿಡ್‌ನ ಪಂದ್ಯಕ್ಕೆ ಅಪ್ಪಣೆಗೆ ಕಾಯಬೇಕು. ಇಬ್ಬರನ್ನೂ ನೀವು ಆತಿಥೇಯರು ಅಂತ ಒಂದೇ ಹೆಸರಿನಿಂದ ಕರೆಯುತ್ತೀರಿ. ಇದು ಸರಿಯಲ್ಲ.

ಈಗ ವಿಶ್ವಕಪ್ ನಡೆಯುವ ರೀತಿಗೆ ಬರುತ್ತೇನೆ. ನನ್ನ ಬೇಡಿಕೆಯ ಜೀವ ಇರುವುದು ಇಲ್ಲೇ, ದಯವಿಟ್ಟು ಈ ಭಾಗವನ್ನು ಗಮನವಿಟ್ಟು ಓದಿ.

ಒಂದೇ ದೇಶದಲ್ಲಿ ನಡೆಯುವ ಟೂರ್ನಿಯಲ್ಲಿ ಅಭಿಮಾನಿ ಒಮ್ಮೆ ಒಳಗೆ ಬಂದರೆ ಮುಗಿಯಿತು. ತಂಡ ಯಾವ ಊರಿಗೆ ಹೋದರೂ ಬೆನ್ನು ಹತ್ತಬಹುದು. ನೆರೆಯ ದೇಶಗಳು ಹಂಚಿಕೊಂಡ ಟೂರ್ನಿಯಲ್ಲಿ ಹಾಗಲ್ಲ. ಮುಂದಿನ ಪಂದ್ಯ ಯಾವ ದೇಶದಲ್ಲಿ ಅನ್ನೋದೇ ಮೊದಲಿಗೆ ಗೊತ್ತಿರುವುದಿಲ್ಲ. ಜೂನ್‌ನಲ್ಲಿ ಶುರುವಾಗುವ ವಿಶ್ವಕಪ್‌ಗೆ ಡ್ರಾ, ಅಂದರೆ ಯಾವ ತಂಡ ಯಾವ ಗುಂಪಿಗೆ ಅಂತ ಚೀಟಿ ಎತ್ತುವುದು, ಆಗುವುದು ಸಾಮಾನ್ಯವಾಗಿ ಹಿಂದಿನ ಡಿಸೆಂಬರ್‌ನಲ್ಲಿ. ಗುಂಪಿನ ಮೂರು ಪಂದ್ಯಗಳು ಎಲ್ಲೆಲ್ಲಿ ಅಂತ ಆಗ ತಿಳಿಯುತ್ತದೆ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಷ್ಟೇ ಅರ್ಜಿ ಹಾಕಲು ಸಾಧ್ಯ. ಲಕ್ಷಾಂತರ ಜನ ಒಟ್ಟಿಗೆ ಅದೇ ಕಿಟಕಿಗಳ ಮುಂದೆ ನಿಲ್ಲುತ್ತಾರೆ. ಅಷ್ಟರಮಟ್ಟಿಗೆ ಹೇಗೋ ಸುಧಾರಿಸಿಕೊಳ್ಳಬಹುದು ಅಂತಿಟ್ಟುಕೊಳ್ಳೋಣ.

ನಾಕೌಟ್ ಬಂದಾಗ ಏನು ಮಾಡುತ್ತೀರಿ? 48 ತಂಡಗಳ ಈ ಹೊಸ ಮಾದರಿಯಲ್ಲಿ ಗುಂಪಿನಲ್ಲಿ ಮೊದಲು ಬಂದವರು ಒಂದು ಊರಿಗೆ, ಎರಡನೆಯವರು ಇನ್ನೊಂದು ಊರಿಗೆ. ಮೂರನೇ ಸ್ಥಾನ ಪಡೆದ ತಂಡಗಳಲ್ಲಿ ಎಂಟು ಮುಂದಕ್ಕೆ ಹೋಗುತ್ತವೆ. ಅವು ಎಲ್ಲಿಗೆ ಹೋಗುತ್ತವೆ ಅಂತ ಎಲ್ಲ ಗುಂಪುಗಳ ಕೊನೆಯ ಪಂದ್ಯ ಮುಗಿಯುವವರೆಗೆ ಖಚಿತವಾಗಿ ಹೇಳಲು ಬರುವುದಿಲ್ಲ. ಅದಾದ ಮೇಲೆ ಉಳಿಯುವುದು ಕೆಲವೇ ದಿನ. ಷೆಂಗೆನ್ ವೀಸಾದ ತೀರ್ಮಾನಕ್ಕೆ ನಿಯಮದ ಪ್ರಕಾರ 15 ದಿನ, ಬೇಕೆನಿಸಿದರೆ 45 ದಿನದವರೆಗೆ. ಗುಂಪಿನ ಮೂರೂ ಪಂದ್ಯಗಳನ್ನು ಮೊರಾಕ್ಕೊದಲ್ಲಿ ನೋಡಿದ ಒಬ್ಬ ಘಾನಾದ ಅಭಿಮಾನಿ, ತನ್ನ ತಂಡ ಗೆದ್ದು ಲಿಸ್ಬನ್‌ಗೆ ಹೊರಟಾಗ ಟ್ಯಾಂಜಿಯರ್ ಬಂದರಿನಲ್ಲಿ ನಿಂತುಬಿಡಬೇಕಾಗುತ್ತದೆ. ತಂಡ ಗೆದ್ದದ್ದಕ್ಕೇ ಆತ ಅಭಿಮಾನಿಯಾಗಿ ಹೊರಬೀಳುತ್ತಾನೆ.

ನಮ್ಮ ಕಡೆಯವರಿಗೆ ತೊಡಕು ತಿರುಗುಮುರುಗಾಗಿ ಬರಬಹುದು. ಬೆಂಗಳೂರಿನಿಂದ ಒಂದು ಕುಟುಂಬ ಷೆಂಗೆನ್ ವೀಸಾ ಪಡೆದು ಸೆವಿಲ್‌ಗೆ ಬಂದು ಇಳಿಯಿತು ಅಂದುಕೊಳ್ಳಿ. ಮುಂದಿನ ಪಂದ್ಯ ಟ್ಯಾಂಜಿಯರ್‌ನಲ್ಲಿ. ಸೆವಿಲ್‌ನಿಂದ ಬಾರ್ಸಿಲೋನಾ ದೂರ, ಟ್ಯಾಂಜಿಯರ್ ಹತ್ತಿರ. ಭಾರತೀಯರಿಗೆ ಮೊರಾಕ್ಕೊ ಇ-ವೀಸಾ ಕೊಡುತ್ತದೆ, ಅದು ಒಳ್ಳೆಯದು. ಆದರೆ ಸ್ಪೇನ್ ಕೊಟ್ಟದ್ದು ಒಂದೇ ಪ್ರವೇಶದ ವೀಸಾ ಆಗಿದ್ದರೆ? ದೋಣಿ ಹತ್ತಿದ ಕೂಡಲೇ ಅದು ಮುಗಿದಂತೆ. ಮೂರನೇ ಪಂದ್ಯಕ್ಕೆ ವಾಪಸ್ ಸ್ಪೇನಿಗೆ ಬರುವಂತಿಲ್ಲ, ಕೈಯಲ್ಲಿ ಟಿಕೆಟ್ ಇದ್ದರೂ. ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಈ ಕಷ್ಟ ಕಡಿಮೆ, ಅಲ್ಲಿನ ವಾಸದ ಪರವಾನಗಿ ಅವರನ್ನು ಕಾಯುತ್ತದೆ. ಅವರನ್ನು ನೋಡಲು ಊರಿನಿಂದ ಹೋಗುವ ಅಪ್ಪ ಅಮ್ಮನಿಗೆ, ತಮ್ಮನಿಗೆ ಆ ರಕ್ಷಣೆ ಇಲ್ಲ.

ಇದು ಹೊಸ ಸಮಸ್ಯೆ ಅಲ್ಲ ಅನ್ನೋದೇ ಬೇಸರದ ವಿಷಯ. 2012ರ ಯುರೋ ಕಪ್ಪನ್ನು ಪೋಲೆಂಡ್ ಮತ್ತು ಉಕ್ರೇನ್ ಹಂಚಿಕೊಂಡವು. ಯುರೋಪಿಯನ್ ಒಕ್ಕೂಟದವರು ವೀಸಾ ಇಲ್ಲದೆ ಕೀವ್‌ಗೆ ಹೋದರು. ಉಕ್ರೇನ್‌ನವರು ವಾರ್ಸಾಗೆ ಹೋಗಲು ವೀಸಾ ಬೇಕಿತ್ತು. ಫೈನಲ್ ತಮ್ಮ ರಾಜಧಾನಿಯಲ್ಲಿ ನಡೆದರೂ ಪಕ್ಕದ ಆತಿಥೇಯ ದೇಶಕ್ಕೆ ಅವರು ಅರ್ಜಿದಾರರಾಗಿಯೇ ಉಳಿದರು. ಉಕ್ರೇನಿಯನ್ನರಿಗೆ ಆ ಗಡಿ ಸಡಿಲವಾಗಿದ್ದು 2017ರಲ್ಲಿ.

2026ರ ವಿಶ್ವಕಪ್‌ನ ಏರ್ಪಾಡಿನಲ್ಲೂ ಇದೇ ಕಥೆ. ಮೂರು ದೇಶಗಳು, ಮೂರು ಬೇರೆ ಬೇರೆ ವೀಸಾ ವ್ಯವಸ್ಥೆಗಳು. 2025ರ ಜೂನ್‌ನಲ್ಲಿ ಅಮೆರಿಕ ಹೊರಡಿಸಿದ ಪ್ರವೇಶ ನಿಷೇಧದ ಪಟ್ಟಿಯಲ್ಲಿ ಇರಾನ್ ಮತ್ತು ಹೈಟಿ ಇದ್ದವು. ಆಟಗಾರರಿಗೆ, ಕೋಚ್‌ಗಳಿಗೆ, ಅವರ ಹತ್ತಿರದ ಸಂಬಂಧಿಕರಿಗೆ ವಿನಾಯಿತಿ ಬರೆದರು. ಅಭಿಮಾನಿಗಳಿಗೆ ಬರೆಯಲಿಲ್ಲ. ಹೈಟಿ 1974ರ ನಂತರ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆದಿತ್ತು. ಅರ್ಧ ಶತಮಾನ ಕಾದ ಜನರಿಗೆ ಸಿಕ್ಕ ಉತ್ತರ ಅದು.

ಹೀಗಾಗಬೇಕಿಲ್ಲ ಅಂತ ತೋರಿಸಿಕೊಟ್ಟವರೂ ಇದ್ದಾರೆ. ಅದಕ್ಕೆ 2002ಕ್ಕೆ ಹೋಗಬೇಕು.

ಜಪಾನ್ ಮತ್ತು ದಕ್ಷಿಣ ಕೊರಿಯಾ ಒಟ್ಟಿಗೆ ವಿಶ್ವಕಪ್ ಮಾಡಲಿ ಅಂತ 1996ರ ಮೇ 31ರಂದು ಫಿಫಾ ತೀರ್ಮಾನಿಸಿದಾಗ ಎರಡೂ ದೇಶಗಳಿಗೆ ಅದು ಬೇಕಿರಲಿಲ್ಲ. ಇಬ್ಬರೂ ಇಡೀ ಟೂರ್ನಿ ತಮಗೇ ಸಿಗಲಿ ಅಂತ ಹೋರಾಡಿದ್ದರು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು, ಆ ಗಾಯ ಹಸಿಯಾಗಿಯೇ ಇತ್ತು. ಜಪಾನಿನ ಹಾಡು, ಸಿನಿಮಾಗಳನ್ನು ಕೊರಿಯಾದಲ್ಲಿ ಮಾರುವಂತಿರಲಿಲ್ಲ. 1998ರಲ್ಲಿ ಕಿಮ್ ದೇ ಜುಂಗ್ ಅಧ್ಯಕ್ಷರಾದ ಮೇಲಷ್ಟೇ ಆ ನಿಷೇಧ ಒಂದೊಂದಾಗಿ ಸಡಿಲವಾಯಿತು. ಟೂರ್ನಿಯಲ್ಲಿ ಯಾರ ಹೆಸರು ಮೊದಲು ಅನ್ನೋದಕ್ಕೂ ಜಗಳ. ಕೊನೆಗೆ ಹೆಸರಿನಲ್ಲಿ ಕೊರಿಯಾ ಮೊದಲು, ಫೈನಲ್ ಜಪಾನಿಗೆ ಅಂತ ಒಪ್ಪಂದವಾಯಿತು. ತಲಾ ಹತ್ತರಂತೆ ಇಪ್ಪತ್ತು ಸ್ಟೇಡಿಯಂ ಕಟ್ಟಿದರು, ಅಂದರೆ ಯಾರೂ ಇನ್ನೊಬ್ಬರಿಗಿಂತ ಒಂದು ಕಡಿಮೆ ಮಾಡಲು ಸಿದ್ಧರಿರಲಿಲ್ಲ.

ಇಷ್ಟಿದ್ದೂ ಏನಾಯಿತು ನೋಡಿ. 2001ರ ಡಿಸೆಂಬರ್‌ನಲ್ಲಿ ಜಪಾನಿನ ಚಕ್ರವರ್ತಿ ಅಕಿಹಿತೊ ತಮ್ಮ ಹುಟ್ಟುಹಬ್ಬದ ಸಂದರ್ಭದಲ್ಲಿ ಮಾತಾಡುತ್ತಾ, ತಮ್ಮ ವಂಶದ ಕನ್ಮು ಚಕ್ರವರ್ತಿಯ ತಾಯಿ ಕೊರಿಯಾದ ಬೇಕ್ಜೆ ರಾಜಮನೆತನಕ್ಕೆ ಸೇರಿದವರು ಅಂತ ಹೇಳಿ, ತಮಗೆ ಕೊರಿಯಾದ ಜೊತೆ ನಂಟಿದೆ ಎಂದರು. 2002ರ ಮೇ 31ರಂದು ಸೋಲ್‌ನಲ್ಲಿ ಸೆನೆಗಲ್ ತಂಡ ಫ್ರಾನ್ಸನ್ನು 1-0ಯಿಂದ ಸೋಲಿಸಿದ ಆ ಮೊದಲ ಪಂದ್ಯಕ್ಕೆ ರಾಜಕುಮಾರ ತಕಮಾಡೊ ಬಂದಿದ್ದರು. ಮಹಾಯುದ್ಧ ಮುಗಿದ ಮೇಲೆ ಜಪಾನಿನ ರಾಜಮನೆತನದವರು ಅಧಿಕೃತವಾಗಿ ಕೊರಿಯಾಕ್ಕೆ ಕಾಲಿಟ್ಟದ್ದು ಅದೇ ಮೊದಲು. ನನ್ನ ಪತ್ರಕ್ಕೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಆಗ ಕೊರಿಯನ್ನರು ಜಪಾನಿಗೆ ಹೋಗಲು ವೀಸಾ ಬೇಕಿತ್ತು. ವಿಶ್ವಕಪ್ ಸಮಯಕ್ಕೆ ಜಪಾನ್ ಅದನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು. 2005ರಲ್ಲಿ ಐಚಿಯಲ್ಲಿ ನಡೆದ ಜಾಗತಿಕ ಮೇಳಕ್ಕೆ ಮತ್ತೊಮ್ಮೆ ತೆಗೆಯಿತು. 2006ರಿಂದ ಅದು ಕಾಯಂ ಆಯಿತು. ಒಂದು ತಿಂಗಳಿಗೆ ಅಂತ ತೆರೆದು ನೋಡಿದರು. ಹೆದರಿದ್ದು ಆಗಲಿಲ್ಲ. ಮುಚ್ಚುವ ಅಗತ್ಯ ಕಾಣಲಿಲ್ಲ.

ಅಷ್ಟು ಕಹಿ ಇತಿಹಾಸ ಇದ್ದವರು ಮಾಡಿದ್ದನ್ನು ನೀವು ಮಾಡಲಾರಿರಾ?

ನೆರೆಹೊರೆಯವರು ಟೂರ್ನಿ ಹಂಚಿಕೊಳ್ಳೋದು ಅಂದರೆ ಏನು ಅಂತ ನಮಗೂ ಒಂದಿಷ್ಟು ಗೊತ್ತು. ಅದು ಫುಟ್‌ಬಾಲ್ ಅಲ್ಲ, ಕ್ರಿಕೆಟ್. 1996ರಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾ ಸೇರಿ ವಿಶ್ವಕಪ್ ನಡೆಸಿದವು. ಕೊಲಂಬೊದಲ್ಲಿ ಬಾಂಬ್ ಸ್ಫೋಟವಾಗಿತ್ತು, ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ಅಲ್ಲಿ ಆಡಲು ಒಪ್ಪಲಿಲ್ಲ. ಆಗ ಭಾರತ ಮತ್ತು ಪಾಕಿಸ್ತಾನದ ಆಟಗಾರರು ಒಂದೇ ತಂಡವಾಗಿ ಕೊಲಂಬೊಗೆ ಹೋಗಿ ಶ್ರೀಲಂಕಾ ಜೊತೆ ಆಡಿ ಬಂದರು. ಕೆಲವೇ ವಾರಗಳ ನಂತರ ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಅದೇ ಭಾರತ, ಅದೇ ಪಾಕಿಸ್ತಾನ ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾದವು. ವೆಂಕಟೇಶ್ ಪ್ರಸಾದ್ ಮತ್ತು ಆಮಿರ್ ಸೊಹೈಲ್ ನಡುವಿನ ಆ ಓವರ್ ಎಲ್ಲರಿಗೂ ನೆನಪಿದೆ. ಒಟ್ಟಿಗೆ ಆಡಿದ ಕೊಲಂಬೊ ಪಂದ್ಯ ಹೆಚ್ಚು ಜನಕ್ಕೆ ನೆನಪಿಲ್ಲ. ಇವತ್ತು ಆ ಎರಡು ದೇಶಗಳು ಒಬ್ಬರ ಮೈದಾನಕ್ಕೆ ಇನ್ನೊಬ್ಬರು ಹೋಗುವುದಿಲ್ಲ, ಮೂರನೇ ದೇಶದಲ್ಲಿ ಆಡುತ್ತಾರೆ. ಸುಲಭವಾಗಿ ದಾಟುತ್ತಿದ್ದ ಗಡಿ ಎಷ್ಟು ಬೇಗ ಗೋಡೆಯಾಗುತ್ತದೆ ಅಂತ ನಾವು ನೋಡಿಬಿಟ್ಟಿದ್ದೇವೆ. ಅದಕ್ಕೇ ನಿಮ್ಮ ಅವಕಾಶ ನಮಗೆ ಇಷ್ಟು ದೊಡ್ಡದಾಗಿ ಕಾಣುತ್ತದೆ.

ಟ್ಯಾಂಜಿಯರ್ ಊರಿನ ಮಾತು ಬಂತು. ಅಲ್ಲಿನ ದೊಡ್ಡ ಸ್ಟೇಡಿಯಂಗೆ ಜನ ಇಬ್ನ್ ಬತೂತನ ಹೆಸರಿಟ್ಟು ಕರೆಯುತ್ತಾರೆ. 1304ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಆ ಪ್ರವಾಸಿ ನಮ್ಮ ಕರಾವಳಿಗೆ ಬಂದಿದ್ದ. ಹೊನ್ನಾವರ ನೋಡಿದ, ಮಂಗಳೂರು ನೋಡಿದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವು ಅಂತ ಬರೆದಿಟ್ಟ. ಏಳುನೂರು ವರ್ಷಗಳ ಹಿಂದೆ ಟ್ಯಾಂಜಿಯರ್‌ನವನೊಬ್ಬ ಹೊನ್ನಾವರಕ್ಕೆ ಬಂದು ಹೋಗುತ್ತಿದ್ದ. 2030ರಲ್ಲಿ ಅದೇ ಊರಿನ ಹುಡುಗ ಎದುರಿನ ದಡದ ಪಂದ್ಯಕ್ಕೆ ಹೋಗಲು ಆಗದಿದ್ದರೆ ನಾಚಿಕೆಪಡಬೇಕಾದವರು ನಿಯಮ ಮಾಡುವವರು.

ಇನ್ನು ಇದು ಸಾಧ್ಯವೇ ಅನ್ನುವ ಪ್ರಶ್ನೆ. ಸಾಧ್ಯ. 2018ರಲ್ಲಿ ರಷ್ಯಾ ಟಿಕೆಟ್ ಕೊಂಡವರಿಗೆ ಫ್ಯಾನ್ ಐಡಿ ಕೊಟ್ಟಿತು. ಅದೇ ಅವರ ವೀಸಾ. 2022ರಲ್ಲಿ ಕತಾರ್ ಹಯ್ಯಾ ಕಾರ್ಡ್ ಕೊಟ್ಟಿತು. ಪ್ರತಿ ಕಾರ್ಡಿನ ಹಿಂದೆ ಒಬ್ಬ ವ್ಯಕ್ತಿಯ ಹೆಸರು, ಪಾಸ್‌ಪೋರ್ಟ್, ಟಿಕೆಟ್ ಇತ್ತು. ಯಾರು ಬಂದರು, ಯಾರು ಹೋದರು ಅಂತ ಲೆಕ್ಕ ಇತ್ತು. 2025ರ ಕೊನೆಯಲ್ಲಿ ಆಫ್ರಿಕಾ ಕಪ್ ನಡೆಸಿದಾಗ ಮೊರಾಕ್ಕೊ ಕೂಡ ಅಭಿಮಾನಿಗಳಿಗೆ ಆ್ಯಪ್ ಮೂಲಕ ಫ್ಯಾನ್ ಐಡಿ ಕೊಟ್ಟಿತು. ತಂತ್ರಜ್ಞಾನಕ್ಕೆ ಕೊರತೆ ಇಲ್ಲ.

ಕಾನೂನು ಅಡ್ಡ ಬರುತ್ತದೆ ಅಂತ ಬ್ರಸೆಲ್ಸ್ ಹೇಳಬಹುದು. ಷೆಂಗೆನ್ ವೀಸಾ ಇಡೀ ಒಕ್ಕೂಟದ ವಿಷಯ, ಸ್ಪೇನ್ ಒಂದೇ ನಿರ್ಧರಿಸುವಂತಿಲ್ಲ ಅನ್ನೋದು ನಿಜ. ಆದರೆ ಇದೇ ಒಕ್ಕೂಟ 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ, 2006ರ ಟ್ಯೂರಿನ್ ಚಳಿಗಾಲದ ಒಲಿಂಪಿಕ್ಸ್‌ಗೆ ವಿಶೇಷ ನಿಯಮ ಮಾಡಿತ್ತು. ಆಮೇಲೆ ಅದನ್ನು ವೀಸಾ ಸಂಹಿತೆಯ ಅನುಬಂಧವಾಗಿಯೇ ಸೇರಿಸಿತು. ಆಟಗಾರರು, ತೀರ್ಪುಗಾರರು, ಅಧಿಕಾರಿಗಳ ಗುರುತಿನ ಕಾರ್ಡಿನಲ್ಲೇ ವೀಸಾ ಅಡಗಿರುತ್ತದೆ. ಅಲ್ಲದೆ ರಾಷ್ಟ್ರೀಯ ಹಿತಕ್ಕಾಗಿ ಒಂದು ಸದಸ್ಯ ದೇಶ ತನ್ನ ನೆಲಕ್ಕೆ ಮಾತ್ರ ಸೀಮಿತವಾದ ವೀಸಾ ಕೊಡಲು ಆ ಸಂಹಿತೆಯಲ್ಲೇ ದಾರಿ ಇದೆ. ಆಟ ಆಡುವವರಿಗೆ ತೆರೆದ ಬಾಗಿಲನ್ನು ನೋಡುವವರಿಗೂ ಸ್ವಲ್ಪ ಅಗಲ ಮಾಡಿ ಅಂತ ನಾನು ಕೇಳುತ್ತಿರುವುದು. ಸ್ಪೇನ್ ಮತ್ತು ಪೋರ್ಚುಗಲ್‌ಗೆ ಮಾತ್ರ ಸಲ್ಲುವ, ಪ್ಯಾರಿಸ್‌ಗೂ ಬರ್ಲಿನ್‌ಗೂ ಹೋಗಲು ಬಾರದ ಕಾರ್ಡ್ ಆದರೂ ಆಗಬಹುದು. ಅಭಿಮಾನಿಗೆ ಬೇಕಿರುವುದು ಪಂದ್ಯ.

ಬಂದವರು ವಾಪಸ್ ಹೋಗದಿದ್ದರೆ ಅನ್ನುವ ಭಯ ನಿಮ್ಮಲ್ಲಿದೆ. ಅದನ್ನು ಸುಳ್ಳು ಅಂತ ತಳ್ಳಿಹಾಕುವುದಿಲ್ಲ. ರಷ್ಯಾದಲ್ಲಿ ಕೆಲವರು ಫ್ಯಾನ್ ಐಡಿ ಹಿಡಿದು ಬಂದು ಉಳಿದುಬಿಟ್ಟರು. ಕೆಲವರು ಅಲ್ಲಿಂದ ಯುರೋಪಿನ ಗಡಿ ದಾಟಲು ನೋಡಿದರು. ಆದರೆ ಆ ಕೆಲವರಿಗಾಗಿ ಉಳಿದ ಎಲ್ಲ ಅಭಿಮಾನಿಗಳನ್ನು ಬಾಗಿಲಲ್ಲೇ ನಿಲ್ಲಿಸುವುದು ನ್ಯಾಯವೇ? ಸ್ಪೇನ್ ಮತ್ತು ಮೊರಾಕ್ಕೊ ನಡುವಿನ ಗಡಿಯಲ್ಲಿ ಬೇಲಿಗಳಿವೆ. 2022ರ ಜೂನ್ 24ರಂದು, ಆಫ್ರಿಕಾದ ನೆಲದಲ್ಲೇ ಇರುವ ಸ್ಪೇನಿನ ಊರು ಮೆಲಿಯಾದ ಬೇಲಿಯ ಬಳಿ ಕನಿಷ್ಠ 23 ಜನ ಸತ್ತರು. ಮೆಲಿಯಾ ಮತ್ತು ಅಂಥದ್ದೇ ಇನ್ನೊಂದು ಊರಾದ ಸೆಯುಟಾಗಳ ಪಕ್ಕದಲ್ಲಿರುವ ಮೊರಾಕ್ಕೊದ ನಾಡೋರ್, ಟೆಟುವಾನ್ ಪ್ರಾಂತ್ಯದವರು ಕೋವಿಡ್‌ಗೆ ಮೊದಲು ವೀಸಾ ಇಲ್ಲದೆ ಆ ಊರುಗಳಿಗೆ ಹೋಗಿಬರುತ್ತಿದ್ದರು. 2022ರಲ್ಲಿ ಗಡಿ ಮತ್ತೆ ತೆರೆದಾಗ ಆ ಹಳೇ ಸೌಲಭ್ಯ ವಾಪಸ್ ಬರಲಿಲ್ಲ. ಇಂಥ ಗಡಿಯ ಮೇಲೆ ವಿಶ್ವಕಪ್ ಇಡುತ್ತೇವೆ ಅಂತ ಮುಂದೆ ಬಂದವರು ನೀವು. ಬರೀ ಮೈದಾನದ ಹುಲ್ಲು, ಟಿವಿ ಹಕ್ಕು, ಪ್ರಾಯೋಜಕರ ಫಲಕ ನೋಡಿಕೊಂಡರೆ ಸಾಲದು.

ದಾಟುವ ವ್ಯವಸ್ಥೆಯ ಬಗ್ಗೆಯೂ ಒಂದು ಮಾತು. ಪ್ರತಿ ಬೇಸಿಗೆಯಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಯುರೋಪಿನಲ್ಲಿ ನೆಲೆಸಿದ ಮೊರಾಕ್ಕೊದವರು ಕಾರು ತುಂಬಿಕೊಂಡು ಊರಿಗೆ ಹೋಗುತ್ತಾರೆ. ಅಲ್ಹೆಸಿರಾಸ್, ತಾರಿಫಾ, ಅಲ್ಮೆರಿಯಾ ಬಂದರುಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರ ಓಡಾಟ. ವಿಶ್ವಕಪ್ ಬರುವುದೂ ಜೂನ್, ಜುಲೈನಲ್ಲೇ. ಅದರ ಮೇಲೆ ಯುರೋಪಿನ ಗಡಿಗಳಲ್ಲಿ ಬೆರಳಚ್ಚು, ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆ 2025ರ ಅಕ್ಟೋಬರ್‌ನಿಂದ ಬಂದಿದೆ. ಸಮುದ್ರದಡಿ ಸುರಂಗದ ಮಾತು 1980ರ ಹೊತ್ತಿನಿಂದ ಕೇಳುತ್ತಿದ್ದೇವೆ, 2030ಕ್ಕೆ ಅದು ಆಗುವುದಿಲ್ಲ. ಹಾಗಾಗಿ ಅಭಿಮಾನಿಗಳಿಗೆ ಬೇರೆ ಸಾಲು, ಪಂದ್ಯದ ರಾತ್ರಿಗಳಲ್ಲಿ ಹೆಚ್ಚುವರಿ ದೋಣಿ, ಹತ್ತುವ ದಡದಲ್ಲೇ ಎರಡೂ ದೇಶಗಳ ತಪಾಸಣೆ ಬೇಕೇ ಬೇಕು. ಟ್ಯಾಂಜಿಯರ್‌ನಿಂದ ಕಾಸಾಬ್ಲಾಂಕಾಗೆ ಗಂಟೆಗೆ 320 ಕಿಲೋಮೀಟರ್‌ವರೆಗಿನ ವೇಗದ ರೈಲು 2018ರಿಂದಲೇ ಓಡುತ್ತಿದೆ, ಅದನ್ನು ಮರಕೇಶ್‌ವರೆಗೆ ಒಯ್ಯುವ ಕೆಲಸ ನಡೆದಿದೆ. ಅಷ್ಟು ವೇಗವಾಗಿ ಬಂದವರು ಬಂದರಿನಲ್ಲಿ ಅರ್ಧ ದಿನ ನಿಲ್ಲುವಂತಾಗಬಾರದು.

ಮೊರಾಕ್ಕೊ ಸರ್ಕಾರಕ್ಕೆ ಬೇರೆಯಾಗಿ ಒಂದು ವಿನಂತಿ. 2025ರ ಸೆಪ್ಟೆಂಬರ್ ಕೊನೆಯಲ್ಲಿ ನಿಮ್ಮ ದೇಶದ ಯುವಕರು ಬೀದಿಗೆ ಇಳಿದರು. ಸ್ಟೇಡಿಯಂ ಇದೆ, ಆಸ್ಪತ್ರೆ ಎಲ್ಲಿ ಅಂತ ಕೇಳಿದರು. ಅವರು ಕೇಳಿದ್ದು ನ್ಯಾಯವಾಗಿತ್ತು, ಅದಕ್ಕೆ ಉತ್ತರ ಆಸ್ಪತ್ರೆ ಕಟ್ಟುವುದೇ. ಆದರೆ ಕಾಸಾಬ್ಲಾಂಕಾ ಹತ್ತಿರ 1,15,000 ಜನ ಕೂರುವ ಸ್ಟೇಡಿಯಂಗೆ ತೆರಿಗೆ ಕಟ್ಟುತ್ತಿರುವವರೂ ಅದೇ ಯುವಕರು. ಬ್ರಸೆಲ್ಸ್ ಜೊತೆ ಮಾತುಕತೆಗೆ ಕೂತಾಗ ಫೈನಲ್ ಯಾರಿಗೆ ಅನ್ನೋದರ ಬಗ್ಗೆ ಹಟ ಹಿಡಿಯುವಷ್ಟೇ ಅವರ ಓಡಾಟದ ಬಗ್ಗೆಯೂ ಹಟ ಹಿಡಿಯಿರಿ. ಫೈನಲ್ ಕಾಸಾಬ್ಲಾಂಕಾಗೆ ಸಿಕ್ಕರೂ ಸರಿ, ಮ್ಯಾಡ್ರಿಡ್‌ಗೆ ಸಿಕ್ಕರೂ ಸರಿ, ಎರಡೂ ಊರಿನವರು ಅಲ್ಲಿ ಕೂರುವಂತಾಗಲಿ.

ಇನ್ಫಾಂಟಿನೊ ಅವರೇ, ಕೊನೆಯದಾಗಿ ನಿಮಗೆ. ಆತಿಥ್ಯ ಕೊಡುವ ಮೊದಲು ಫಿಫಾ ಸರ್ಕಾರಗಳಿಂದ ತೆರಿಗೆ, ಭದ್ರತೆ, ವೀಸಾ ಎಲ್ಲದಕ್ಕೂ ಬರಹದಲ್ಲಿ ಖಾತರಿ ಪಡೆಯುತ್ತದೆ. ತೆರಿಗೆ ವಿನಾಯಿತಿಯ ಖಾತರಿಯನ್ನು ನೀವು ಎಷ್ಟು ಗಟ್ಟಿಯಾಗಿ ವಸೂಲಿ ಮಾಡುತ್ತೀರೋ, ವೀಸಾ ಖಾತರಿಯನ್ನೂ ಅಷ್ಟೇ ಗಟ್ಟಿಯಾಗಿ ವಸೂಲಿ ಮಾಡಿ. ಆ ಖಾತರಿಗಳಲ್ಲಿ ಅಭಿಮಾನಿಗಳ ಓಡಾಟದ ಬಗ್ಗೆ ಏನಿದೆ ಅಂತ ಪ್ರಕಟಿಸಿ. ಟಿಕೆಟ್ ಇದ್ದ ಮಾತ್ರಕ್ಕೆ ದೇಶದೊಳಗೆ ಪ್ರವೇಶ ಖಾತರಿ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದು ಕೈ ತೊಳೆದುಕೊಳ್ಳುವುದು ಬೇಡ. ಅರ್ಜಿ ತಿರಸ್ಕೃತವಾದವರಿಗೆ ಟಿಕೆಟ್ ಹಣ ಪೂರ್ತಿ ವಾಪಸ್ ಕೊಡಿ.

ಕಾರ್ಡಿನ ನಿಯಮಗಳು ಟಿಕೆಟ್ ಮಾರಾಟದ ಮೊದಲ ದಿನಕ್ಕಿಂತ ಮುಂಚೆ ಹೊರಬರಬೇಕು. ಡ್ರಾ ಆದ ಮೇಲೆ ಬಂದರೆ ಉಪಯೋಗವಿಲ್ಲ, ಅಷ್ಟರಲ್ಲಿ ಸುಲಭ ಪಾಸ್‌ಪೋರ್ಟ್ ಇರುವವರು ಸೀಟುಗಳನ್ನು ಕೊಂಡು ಮುಗಿಸಿರುತ್ತಾರೆ. ಬ್ರಸೆಲ್ಸ್‌ನಲ್ಲಿ ಒಂದು ನಿಯಮ ಪ್ರಸ್ತಾವದಿಂದ ಶುರುವಾಗಿ ಸಂಸತ್ತು, ಮಂತ್ರಿಗಳ ಮಂಡಳಿ ದಾಟಿ ಜಾರಿಗೆ ಬರಲು ವರ್ಷಗಳೇ ಹಿಡಿಯುತ್ತವೆ. ಮೂರೂ ಸರ್ಕಾರಗಳು ಒಟ್ಟಾಗಿ ಕಮಿಷನ್‌ಗೆ ಬರೆಯಬೇಕಾದದ್ದು ಈ ವರ್ಷವೇ. ಆ ಪತ್ರ ಯಾವಾಗ ಬರೆಯುತ್ತೀರಿ, ಅದರಲ್ಲಿ ಏನು ಕೇಳುತ್ತೀರಿ ಅಂತ ದಯವಿಟ್ಟು ಬಹಿರಂಗವಾಗಿ ತಿಳಿಸಿ.

ಇಂತಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಅಭಿಮಾನಿ